ಕೂಡಿಸುವುದೂ ಉಪ್ಪೇ, ಬಿಡಿಸುವುದೂ ಉಪ್ಪೇ

ಆಟಿಯ ಮಳೆ ಒಂದು ದಿನದ ಮಟ್ಟಿಗೆ ಬಿಡುವು ಕೊಟ್ಟಾಗ ಮಂಗಳೂರಿನ ಹಳೆ ಬಂದರಿನಿಂದ ಬೆಂಗ್ರೆಗೆ ದಾಟುವ ದೋಣಿಯಲ್ಲಿ ಕುಳಿತು ಕೆಳಗೆ ನೋಡಿದರೆ, ಕಾಣುವುದು ನೀರಲ್ಲ, ಕಲಸಿದ ಕೆಮ್ಮಣ್ಣು. ನೇತ್ರಾವತಿಯೂ ಫಲ್ಗುಣಿಯೂ ಘಟ್ಟದಿಂದ ಹೊತ್ತು ತಂದ ಜೇಡಿ, ಕಾಡಿನ ತರಗೆಲೆ ಕೊಳೆತ ರಸ, ಮುರಕಲ್ಲಿನ ಕಬ್ಬಿಣದ ಕೆಂಪು ಎಲ್ಲವೂ ಅದರಲ್ಲಿದೆ. ಆ ನೀರನ್ನು ಬಾಟಲಿಯಲ್ಲಿ ಹಿಡಿದು ಕಿಟಕಿಯಲ್ಲಿಟ್ಟರೆ ದಪ್ಪ ಮಣ್ಣು ಬೇಗನೆ ತಳ ಸೇರುತ್ತದೆ. ಮೇಲಿನ ನಸುಗೆಂಪು ಮಬ್ಬು ಮಾತ್ರ ಮರುದಿನವೂ ಹಾಗೆಯೇ ನಿಂತಿರುತ್ತದೆ. ಅದೇ ಬಾಟಲಿಗೆ ಒಂದು ಲೋಟ ಸಮುದ್ರದ ನೀರು ಸುರಿದು ಕಾಯಿರಿ. ಮಬ್ಬು ಹಿಂಜಿದ ಹತ್ತಿಯಂತೆ ಗಂಟುಗಂಟಾಗಿ ಇಳಿಯತೊಡಗುತ್ತದೆ. ಅಳಿವೆ ಬಾಗಿಲಲ್ಲಿ ಪ್ರತಿ ಮಳೆಗಾಲ ಇದೇ ನಡೆಯುವುದು, ಬಾಟಲಿಯ ಬದಲು ಕಡಲಿನಲ್ಲಿ.

ಇನ್ನೊಂದು ಪ್ರಯೋಗವನ್ನು ನಾನು ಉಡುಪಿಯ ನಮ್ಮ ಮನೆಯ ಜಗಲಿಯಲ್ಲಿ ಮಾಡಿದ್ದೇನೆ. ಜಗಲಿಯಲ್ಲೇ ಏಕೆಂದರೆ, ಅದಕ್ಕೆ ಜೆಲಟಿನ್ ಬೇಕು. ಜೆಲಟಿನ್ ಪ್ರಾಣಿಯ ಎಲುಬು, ಚರ್ಮದಿಂದ ಬರುವ ಪ್ರೊಟೀನು. ಅಮ್ಮನ ಒಲೆಯ ಹತ್ತಿರ ಅದಕ್ಕೆ ಪ್ರವೇಶವಿಲ್ಲ. ಒಂದು ಲೋಟ ಬೆಚ್ಚಗಿನ ನೀರಿನಲ್ಲಿ ಚಿಟಿಕೆ ಜೆಲಟಿನ್, ಇನ್ನೊಂದರಲ್ಲಿ ಅಷ್ಟೇ ಅರಬಿ ಗೋಂದು, ಅಂದರೆ ಜಾಲಿಯ ಜಾತಿಯ ಮರದ ಅಂಟು. ಎರಡನ್ನೂ ಸೇರಿಸಿದಾಗ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ವಿನಿಗರ್ ಹನಿ ಹನಿಯಾಗಿ ಬಿಟ್ಟೆ. ಒಂದು ಹನಿಯಲ್ಲಿ ಇಡೀ ಲೋಟ ಹಾಲಿನಂತೆ ಬೆಳ್ಳಗಾಯಿತು. ಆ ಬಿಳುಪು ಕಣಗಳದ್ದಲ್ಲ, ಹನಿಗಳದ್ದು. ನೀರಿನೊಳಗೆ ನೀರಿನದೇ ಹನಿ, ಆದರೆ ಜೆಲಟಿನ್ ಮತ್ತು ಗೋಂದು ದಟ್ಟವಾಗಿ ತುಂಬಿದ ಹನಿ. ಬಿಟ್ಟರೆ ಅವು ಒಂದರೊಳಗೊಂದು ಸೇರಿ ತಳದಲ್ಲಿ ಜೇನಿನಂಥ ಪದರವಾಗುತ್ತವೆ. ನಾನು ಬಿಡಲಿಲ್ಲ. ಒಂದು ಚಮಚ ಅಡುಗೆ ಉಪ್ಪು ಹಾಕಿ ಕಲಕಿದೆ. ಬಿಳುಪು ಕರಗಿ ಲೋಟ ಮತ್ತೆ ತಿಳಿಯಾಯಿತು.

ಅಳಿವೆಯಲ್ಲಿ ಉಪ್ಪು ಬಂದಾಗ ತೇಲುತ್ತಿದ್ದದ್ದು ಒಟ್ಟುಗೂಡಿತು. ಲೋಟದಲ್ಲಿ ಉಪ್ಪು ಬಂದಾಗ ಒಟ್ಟುಗೂಡಿದ್ದು ಚದುರಿತು. ಉಪ್ಪು ಎರಡೂ ಕಡೆ ಬಹುಪಾಲು ಅದೇ ಸೋಡಿಯಂ ಕ್ಲೋರೈಡು. ಈ ವೈರುಧ್ಯದ ಒಳಹೊಕ್ಕರೆ, ವಿದ್ಯುದಂಶ ಹೊತ್ತ ಉದ್ದನೆಯ ಅಣುಸರಪಳಿಗಳು ದ್ರಾವಣದಲ್ಲಿ ಯಾವಾಗ ಒಂದಾಗಿರುತ್ತವೆ, ಯಾವಾಗ ಎರಡು ಪ್ರಾವಸ್ಥೆಗಳಾಗಿ, ಎಂದರೆ ಒಂದು ದಟ್ಟ ಒಂದು ತೆಳು ಭಾಗವಾಗಿ, ಒಡೆಯುತ್ತವೆ ಎಂಬ ಪ್ರಶ್ನೆಯ ತಿರುಳು ಸಿಗುತ್ತದೆ. ಕೋಶದೊಳಗಿನ ದ್ರವದ ಹನಿಗಳ ಬಗ್ಗೆ ಕಳೆದ ಹದಿನೈದು ವರ್ಷಗಳಲ್ಲಿ ಜೀವಕೋಶ ವಿಜ್ಞಾನದಲ್ಲಿ ಎದ್ದಿರುವ ಗದ್ದಲಕ್ಕೂ ಈ ಪ್ರಶ್ನೆಯೇ ಬುಡ. ಅದರ ಬಗ್ಗೆ ಬರುವ ಸುದ್ದಿಗಳು ‘ಧನ ಋಣ ಆಕರ್ಷಿಸುತ್ತವೆ, ಹನಿ ಹುಟ್ಟುತ್ತದೆ’ ಎಂದು ಮುಗಿಸಿಬಿಡುತ್ತವೆ. ಅದು ಅರ್ಧ ಕಥೆ, ಅದರಲ್ಲೂ ಕಡಿಮೆ ಮುಖ್ಯವಾದ ಅರ್ಧ.

ಸರಪಳಿಯ ಪರಿಚಯ ಬೆಂಡೆಕಾಯಿಯಿಂದ ಮಾಡಿಕೊಳ್ಳಬಹುದು. ಬೆಂಡೆಯ ಲೋಳೆ ಎಂದರೆ ಪೆಕ್ಟಿನ್ ಬಳಗದ ಉದ್ದನೆಯ ಸಕ್ಕರೆ ಸರಪಳಿ. ಅದರ ಮೈಮೇಲೆ ಅಲ್ಲಲ್ಲಿ ಆಮ್ಲದ ಗುಂಪುಗಳಿವೆ. ನೀರಿನಲ್ಲಿ ಅವು ಒಂದೊಂದು ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟು ಋಣ ವಿದ್ಯುದಂಶ ಹೊತ್ತು ನಿಲ್ಲುತ್ತವೆ. ಋಣಕ್ಕೆ ಋಣ ಆಗದು. ಸರಪಳಿ ತನ್ನನ್ನೇ ತಾನು ದೂರ ತಳ್ಳಿಕೊಂಡು ಚಾಚಿಕೊಳ್ಳುತ್ತದೆ, ಚಾಚಿಕೊಂಡ ಸರಪಳಿಗಳು ನೀರನ್ನು ಲೋಳೆಯಾಗಿಸುತ್ತವೆ. ಹುಣಸೆಹುಳಿಯನ್ನೋ ಮಜ್ಜಿಗೆಯನ್ನೋ ಹಾಕಿದಾಗ ಹೈಡ್ರೋಜನ್ ಅಯಾನುಗಳು ಮರಳಿ ಬಂದು ಆ ವಿದ್ಯುದಂಶವನ್ನು ಅಳಿಸುತ್ತವೆ, ಸರಪಳಿ ಮುದುಡುತ್ತದೆ, ಲೋಳೆ ಇಳಿಯುತ್ತದೆ. ಬೆಂಡೆಯ ಹುಳಿ ಮಾಡುವವರಿಗೆ ಇದು ಗೊತ್ತಿರುವುದೇ. ಇಂಥ ಸರಪಳಿಗಳಿಗೆ ಪಾಲಿಎಲೆಕ್ಟ್ರೊಲೈಟ್ ಎಂದು ಹೆಸರು. ಡಿಎನ್‌ಎ, ಆರ್‌ಎನ್‌ಎ, ಬಹುಪಾಲು ಪ್ರೊಟೀನುಗಳು, ಕಾಡಿನ ಎಲೆ ಕೊಳೆತು ಬರುವ ಹ್ಯೂಮಿಕ್ ಆಮ್ಲ, ಮಕ್ಕಳ ಡೈಪರಿನ ಪುಡಿ, ಎಲ್ಲವೂ ಈ ಕುಲದವೇ.

ಆದರೆ ಸರಪಳಿ ಒಂಟಿಯಾಗಿ ಬರುವುದಿಲ್ಲ. ಅದರಲ್ಲಿ ಸಾವಿರ ಋಣ ಇದ್ದರೆ ಅದೇ ನೀರಿನಲ್ಲಿ ಎಲ್ಲೋ ಸಾವಿರ ಧನ ಅಯಾನು, ಹೆಚ್ಚಾಗಿ ಸೋಡಿಯಂ, ಇರಲೇಬೇಕು. ಅವನ್ನು ಇಲ್ಲಿ ಸಂಗಾತಿ ಅಯಾನು ಎಂದು ಕರೆಯೋಣ. ಲೆಕ್ಕದಲ್ಲಿ ಒಂದು ಸರಪಳಿ, ಸಾವಿರ ಸಂಗಾತಿ. ಈ ಅನುಪಾತವನ್ನು ಮರೆತರೆ ಮುಂದಿನದ್ದೇನೂ ಅರ್ಥವಾಗುವುದಿಲ್ಲ. ಸುದ್ದಿಗಳು ಮರೆಯುವುದೂ ಇದನ್ನೇ.

ವಿದ್ಯುದಂಶವಿಲ್ಲದ ಪಾಲಿಮರುಗಳು, ಎಂದರೆ ಉದ್ದನೆಯ ಅಣುಸರಪಳಿಗಳು, ಕರಗುವುದರ ಲೆಕ್ಕ 1940ರ ದಶಕದ ಆರಂಭದಲ್ಲೇ ಸಿಕ್ಕಿತ್ತು. ಪಾಲ್ ಫ್ಲೋರಿ ಮತ್ತು ಮೌರಿಸ್ ಹಗಿನ್ಸ್ ಬೇರೆ ಬೇರೆಯಾಗಿ ಅದನ್ನು ಬಿಡಿಸಿದರು. ಫ್ಲೋರಿಗೆ 1974ರಲ್ಲಿ ನೊಬೆಲ್ ಬಂತು. ಸಕ್ಕರೆ ನೀರಿನಲ್ಲಿ ಕರಗುವುದಕ್ಕೆ ಒಂದು ದೊಡ್ಡ ಕಾರಣ, ಬಿಡಿ ಅಣುಗಳಿಗೆ ಹರಡಿಕೊಂಡಾಗ ಇರಬಹುದಾದ ಜಾಗಗಳು ಲೆಕ್ಕವಿಲ್ಲದಷ್ಟು ಹೆಚ್ಚುವುದು. ಎಂಟ್ರೊಪಿ ಎಂದರೆ ಹೀಗೆ ಇರಬಹುದಾದ ರೀತಿಗಳ ಎಣಿಕೆ. ಸಾವಿರ ಮಣಿಯನ್ನು ಒಂದೇ ದಾರಕ್ಕೆ ಪೋಣಿಸಿಬಿಟ್ಟರೆ ಸಾವಿರ ಮಣಿಗಳ ಸ್ವಾತಂತ್ರ್ಯ ಒಂದು ಮಾಲೆಯ ಸ್ವಾತಂತ್ರ್ಯಕ್ಕೆ ಇಳಿಯುತ್ತದೆ. ಹಾಗಾಗಿ ಉದ್ದನೆಯ ಸರಪಳಿಗೆ ಕರಗುವುದರಲ್ಲಿ ಲಾಭ ಕಡಿಮೆ. ನೀರಿನ ಮೇಲೆ ಸ್ವಲ್ಪ ಅಸಮಾಧಾನವಿದ್ದರೂ ಸಾಕು, ಬೇರ್ಪಡುತ್ತದೆ.

ವಿದ್ಯುದಂಶ ಬಂದರೆ ಈ ಲೆಕ್ಕ ತಲೆಕೆಳಗು. ಮಲ್ಪೆಯಿಂದ ಮೀನು ಹೋಗುವ ಥರ್ಮಾಕೋಲ್ ಪೆಟ್ಟಿಗೆ ಪಾಲಿಸ್ಟೈರೀನ್ ಎಂಬ ಪಾಲಿಮರು. ವರ್ಷಗಟ್ಟಲೆ ನೀರಿನಲ್ಲಿ ಬಿದ್ದಿದ್ದರೂ ಕರಗುವುದಿಲ್ಲ ಎಂಬುದನ್ನು ನಮ್ಮ ಕಡಲತೀರಗಳೇ ಹೇಳುತ್ತವೆ. ಅದೇ ಪಾಲಿಸ್ಟೈರೀನಿನ ಮೈಗೆ ಸಲ್ಫೊನೇಟ್ ಎಂಬ ಋಣ ಗುಂಪುಗಳನ್ನು ಜೋಡಿಸಿದರೆ ಸಕ್ಕರೆಯಂತೆ ಕರಗುತ್ತದೆ. ಸರಪಳಿಗೆ ನೀರಿನ ಮೇಲೆ ದಿಢೀರ್ ಪ್ರೀತಿ ಹುಟ್ಟಿತೆಂದಲ್ಲ. ಸರಪಳಿಗಳು ಒಂದೆಡೆ ಕೂಡಬೇಕಾದರೆ ಅವುಗಳ ಸಾವಿರಾರು ಸಂಗಾತಿ ಅಯಾನುಗಳೂ ಅಲ್ಲೇ ಕೂಡಬೇಕು, ಇಲ್ಲದಿದ್ದರೆ ವಿದ್ಯುತ್ತಿನ ಸಮತೋಲ ತಪ್ಪುತ್ತದೆ. ಬಿಡಿಯಾಗಿ ಓಡಾಡುತ್ತಿದ್ದ ಅಷ್ಟೂ ಅಯಾನುಗಳು ಒಂದು ಮೂಲೆಯಲ್ಲಿ ಕೂಡಿಹಾಕಿಸಿಕೊಳ್ಳಲು ಒಪ್ಪುವುದಿಲ್ಲ. ಸರಪಳಿಯನ್ನು ಕರಗಿಸಿ ಇಡುವುದು ಅದರ ಸಂಗಾತಿಗಳು.

ಡೈಪರ್ ಕತ್ತರಿಸಿ ಒಳಗಿನ ಪುಡಿಯನ್ನು ಒಂದು ಬಟ್ಟಲಿಗೆ ಹಾಕಿ ನೀರು ಸುರಿದರೆ ಇದು ಕಣ್ಣಿಗೇ ಕಾಣುತ್ತದೆ. ಅದು ಸೋಡಿಯಂ ಪಾಲಿಅಕ್ರಿಲೇಟ್, ಒಂದಕ್ಕೊಂದು ಹೆಣೆದ ಋಣ ಸರಪಳಿಗಳ ಬಲೆ. ಬಲೆಯನ್ನು ಬಿಟ್ಟು ಹೋಗಲಾರದ ಸೋಡಿಯಂ ಅಯಾನುಗಳು ಒಳಗಿನಿಂದ ಒತ್ತುತ್ತವೆ, ನೀರು ಒಳನುಗ್ಗುತ್ತದೆ. ಶುದ್ಧ ನೀರಿನಲ್ಲಿ ಪುಡಿ ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಆಸ್ಪತ್ರೆಯ ಸಲೈನಿನಷ್ಟು, ಎಂದರೆ ಶೇಕಡಾ 0.9 ಉಪ್ಪಿರುವ ನೀರಾದರೆ ಹೀರುವುದು ಕೆಲವು ಹತ್ತು ಪಟ್ಟು ಮಾತ್ರ. ಉಬ್ಬಿ ನಿಂತ ಜೆಲ್ಲಿನ ಮೇಲೆ ಒಂದು ಹಿಡಿ ಉಪ್ಪು ಉದುರಿಸಿ, ಕುಗ್ಗಿ ನೀರು ಬಿಡುತ್ತದೆ. ಹೊರಗೂ ಅಯಾನು, ಒಳಗೂ ಅಯಾನು ಎಂದಾದ ಮೇಲೆ ಒತ್ತಡವೆಲ್ಲಿ? ಜಪಾನೀ ಮೂಲದ ತೊಯೊಇಚಿ ತನಕಾ 1978ರಲ್ಲಿ ಜೆಲ್ಲುಗಳು ಹೀಗೆ ಕುಗ್ಗುವಾಗ ಕೆಲವೊಮ್ಮೆ ಸ್ವಲ್ಪ ಸ್ವಲ್ಪವಾಗಿ ಅಲ್ಲ, ಒಂದು ಮಿತಿ ದಾಟಿದೊಡನೆ ಒಮ್ಮೆಲೇ ಕುಸಿಯುತ್ತವೆ ಎಂದು ತೋರಿಸಿದರು. ನೀರು ಕುದಿದು ಆವಿಯಾಗುವಂಥದೇ ಪ್ರಾವಸ್ಥೆಯ ಬದಲಾವಣೆ ಅದು.

ಇನ್ನು ಉಪ್ಪು ಮಾಡುವ ಇನ್ನೊಂದು ಕೆಲಸ, ಮರೆ ಹಿಡಿಯುವುದು. ಋಣ ವಿದ್ಯುದಂಶದ ಸುತ್ತ ಉಪ್ಪಿನ ಧನ ಅಯಾನುಗಳು ತೆಳುವಾಗಿ ಕವಿದುಕೊಂಡರೆ ಸ್ವಲ್ಪ ದೂರದಲ್ಲಿ ನಿಂತವನಿಗೆ ಆ ಋಣ ಗೊತ್ತಾಗುವುದೇ ಇಲ್ಲ. ಎಷ್ಟು ದೂರದವರೆಗೆ ಗೊತ್ತಾಗುತ್ತದೆ ಎಂಬುದನ್ನು ಪೀಟರ್ ಡಿಬೈ ಮತ್ತು ಎರಿಕ್ ಹ್ಯೂಕೆಲ್ 1923ರಲ್ಲಿ ಲೆಕ್ಕ ಹಾಕಿದರು. ತೀರಾ ಕಡಿಮೆ ಉಪ್ಪಿರುವ ಹೊಳೆಯ ನೀರಿನಂಥದರಲ್ಲಿ ಆ ದೂರ ಸುಮಾರು 10 ನ್ಯಾನೊಮೀಟರ್. ನಮ್ಮ ರಕ್ತದ ಉಪ್ಪಿನಲ್ಲಿ 0.8. ಲೀಟರಿಗೆ 35 ಗ್ರಾಂ ಉಪ್ಪಿರುವ ಸಮುದ್ರದಲ್ಲಿ 0.4. ಅಂದರೆ ಹೊಳೆ ಕಡಲಿಗೆ ಸೇರುವಾಗ ಪ್ರತಿಯೊಂದು ವಿದ್ಯುದಂಶದ ಕೈಯಳತೆ ಇಪ್ಪತ್ತೈದನೇ ಒಂದಕ್ಕೆ ಇಳಿಯುತ್ತದೆ.

ಅಳಿವೆಯ ಒಗಟು ಇಲ್ಲಿಗೆ ಬಿಚ್ಚಿಕೊಳ್ಳುತ್ತದೆ. ಜೇಡಿಯ ಕಣ, ಹ್ಯೂಮಿಕ್ ಸರಪಳಿ, ಅದಕ್ಕೆ ಅಂಟಿಕೊಂಡ ಕಬ್ಬಿಣದ ನುಣುಪು ಧೂಳು ಎಲ್ಲವೂ ಸಿಹಿನೀರಿನಲ್ಲಿ ಋಣ. ಪರಸ್ಪರ ತಳ್ಳಿಕೊಂಡೇ ತೇಲುತ್ತಿದ್ದವು. ಉಪ್ಪು ಬಂದಾಗ ಆ ತಳ್ಳಾಟ ಕಾಣದಾಯಿತು, ಹತ್ತಿರ ಬಂದವು ಅಂಟಿಕೊಂಡವು. ಎರಡು ಧನ ಹೊತ್ತ ಕ್ಯಾಲ್ಸಿಯಂ, ಮೆಗ್ನೀಷಿಯಂ ಅಯಾನುಗಳಂತೂ ಎರಡು ಸರಪಳಿಗಳ ನಡುವೆ ಸಂಕದಂತೆ ನಿಲ್ಲುತ್ತವೆ. 1976ರಲ್ಲಿ ಎಡ್ವರ್ಡ್ ಶೋಲ್ಕೊವಿಟ್ಜ್ ಸ್ಕಾಟ್ಲೆಂಡಿನ ಹೊಳೆಗಳ ನೀರನ್ನು ಸಮುದ್ರದ ನೀರಿನೊಂದಿಗೆ ಬೆರೆಸಿ, ಕರಗಿದೆ ಎಂದು ನಾವು ಅಂದುಕೊಂಡಿದ್ದ ಕಬ್ಬಿಣ ಮತ್ತು ಹ್ಯೂಮಿಕ್ ಪದಾರ್ಥ ಹೇಗೆ ಗಂಟುಗಟ್ಟಿ ಹೊರಬರುತ್ತವೆ ಎಂದು ಅಳೆದರು. ಕಬ್ಬಿಣದ ಬಹುಭಾಗ ಸಮುದ್ರದವರೆಗೆ ಹೋಗುವುದೇ ಇಲ್ಲ, ಅಳಿವೆಯಲ್ಲೇ ಉಳಿಯುತ್ತದೆ. ಹಾಗೆಂದು ಬೆಂಗ್ರೆಯ ಬಾಯಲ್ಲಿ ದೋಣಿಗಳಿಗೆ ತೊಡಕಾಗುವ ಹೂಳಿಗೆಲ್ಲ ಇದೇ ಕಾರಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಅಲೆ ತಂದು ಸುರಿಯುವ ಮರಳಿನ ಪಾಲು ದೊಡ್ಡದು. ಮರಳಿಗೆ ಈ ರಸಾಯನದ ಹಂಗಿಲ್ಲ.

ಲೋಟದ ಒಗಟು ಇನ್ನೂ ಉಳಿದಿದೆ. ಅದರ ಕತೆ ಹಳೆಯದು. 1929ರಲ್ಲಿ ಡಚ್ ವಿಜ್ಞಾನಿಗಳಾದ ಬುಂಗೆನ್‌ಬರ್ಗ್ ಡಿ ಯೊಂಗ್ ಮತ್ತು ಕ್ರೌಟ್ ಇದೇ ಜೆಲಟಿನ್, ಇದೇ ಗೋಂದಿನ ಹನಿಗಳಿಗೆ ಕೋಎಸರ್ವೇಟ್ ಎಂದು ಹೆಸರಿಟ್ಟರು. ವಿನಿಗರ್ ಬಿದ್ದಾಗ ಜೆಲಟಿನ್ ಧನವಾಗುತ್ತದೆ, ಗೋಂದು ಋಣವಾಗಿಯೇ ಉಳಿಯುತ್ತದೆ. ಎದುರುಬದುರು ವಿದ್ಯುದಂಶದ ಎರಡು ಸರಪಳಿ ಕೂಡುತ್ತವೆ. ಆಕರ್ಷಣೆ ಇದ್ದೇ ಇದೆ, ಇಲ್ಲವೆಂದವರು ಯಾರು? ಆದರೆ ಕೂಡುವ ಮೊದಲೂ ಅವು ಒಂಟಿಯಾಗಿರಲಿಲ್ಲ ಎಂಬುದನ್ನು ನೆನಪಿಸಿಕೊಳ್ಳಿ. ಗೋಂದಿನ ಪ್ರತಿ ಋಣದ ಹತ್ತಿರ ಒಂದು ಸೋಡಿಯಮ್ಮೋ ಕ್ಯಾಲ್ಸಿಯಮ್ಮೋ ಇತ್ತು, ಜೆಲಟಿನಿನ ಪ್ರತಿ ಧನದ ಹತ್ತಿರ ಒಂದು ಋಣ ಅಯಾನು ಇತ್ತು. ಈಗ ಸರಪಳಿಗಳು ಒಂದಕ್ಕೊಂದು ಜೊತೆಯಾದವು. ಹಳೆಯ ಜೊತೆ ಬಿಟ್ಟುಹೋಯಿತು, ಹೊಸ ಜೊತೆ ಸಿಕ್ಕಿತು. ಶಕ್ತಿಯ ಲೆಕ್ಕದಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಬದಲಾದದ್ದು, ಕಾವಲಿಗೆ ಕಟ್ಟಿಬಿದ್ದಿದ್ದ ನೂರಾರು ಚಿಕ್ಕ ಅಯಾನುಗಳು ಬಿಡುಗಡೆಯಾಗಿ ಇಡೀ ಲೋಟದಲ್ಲಿ ಓಡಾಡತೊಡಗಿದ್ದು.

ವಿದ್ಯುದಂಶಗಳು ಒತ್ತೊತ್ತಾಗಿರುವ ಸರಪಳಿಯಲ್ಲಿ ಈ ಕಟ್ಟಿಬೀಳುವಿಕೆ ಎಷ್ಟಿರುತ್ತದೆ ಎಂಬುದಕ್ಕೆ ಜೆರಾಲ್ಡ್ ಮ್ಯಾನಿಂಗ್ 1969ರಲ್ಲಿ ಕೊಟ್ಟ ಲೆಕ್ಕವಿದೆ. ನೀರಿನಲ್ಲಿ ಎರಡು ವಿದ್ಯುದಂಶಗಳ ಅಂತರ 0.7 ನ್ಯಾನೊಮೀಟರಿಗಿಂತ ಕಡಿಮೆಯಾದರೆ ಸಂಗಾತಿ ಅಯಾನುಗಳು ಸರಪಳಿಯ ಮೈಮೇಲೆಯೇ ಕವಿದುಕೊಳ್ಳುತ್ತವೆ. ಡಿಎನ್‌ಎಯಲ್ಲಿ ಆ ಅಂತರ ಕೇವಲ 0.17. ಹಾಗಾಗಿ ಅದರ ವಿದ್ಯುದಂಶದ ಸುಮಾರು ಮುಕ್ಕಾಲು ಪಾಲು ಮೊದಲೇ ಮುಚ್ಚಿಹೋಗಿರುತ್ತದೆ. ಧನ ಪ್ರೊಟೀನೊಂದು ಡಿಎನ್‌ಎಗೆ ಅಂಟಿದಾಗ ಬಿಡುಗಡೆಯಾಗುವುದು ಆ ಮುಕ್ಕಾಲು ಪಾಲಿನ ಮಂದಿ.

ಬಿಡುಗಡೆಗೆ ಬೆಲೆ ಬರುವುದು ಹೊರಗೆ ಜಾಗ ಖಾಲಿ ಇದ್ದಾಗ ಮಾತ್ರ. ಸಾಮಾನ್ಯ ದಿನದ ಮಧ್ಯಾಹ್ನ ಮನೆಯಿಂದ ಹೊರಟು ಉಡುಪಿಯ ರಥಬೀದಿಗೆ ಬಂದರೆ ಕೈ ಬೀಸಿ ನಡೆಯಬಹುದು. ಪರ್ಯಾಯದ ರಾತ್ರಿ ಬಂದರೆ ಮನೆಯೊಳಗೇ ಹೆಚ್ಚು ಜಾಗವಿತ್ತು ಅನಿಸುತ್ತದೆ. ಲೋಟಕ್ಕೆ ಉಪ್ಪು ಹಾಕುವುದೆಂದರೆ ರಥಬೀದಿಯನ್ನು ಮೊದಲೇ ತುಂಬಿಸುವುದು. ಬಿಡುಗಡೆಯಾಗಿ ಹೊರಬರುವ ಅಯಾನುಗಳಿಗೆ ಸಿಗುವ ಲಾಭ ಕುಸಿಯುತ್ತದೆ, ಮರೆ ಹಿಡಿಯುವಿಕೆಯಿಂದ ಆಕರ್ಷಣೆಯೂ ಕುಸಿಯುತ್ತದೆ, ಹನಿ ಕರಗುತ್ತದೆ. ಉಪ್ಪಿಗೆ ಪಕ್ಷವಿಲ್ಲ. ತಳ್ಳಾಟ ಇದ್ದಲ್ಲಿ ತಳ್ಳಾಟವನ್ನು ಮಂಕಾಗಿಸುತ್ತದೆ, ಸೆಳೆತ ಇದ್ದಲ್ಲಿ ಸೆಳೆತವನ್ನು.

ಆಕರ್ಷಣೆಯದೇ ಮುಖ್ಯ ಪಾತ್ರ ಎಂದಾಗಿದ್ದರೆ ಸರಪಳಿಗಳು ಕೂಡುವಾಗ ಒಳ್ಳೆಯ ಬಿಸಿ ಹೊರಬರಬೇಕಿತ್ತು. ಪ್ರಯೋಗಗಳಲ್ಲಿ ಬಿಸಿಯ ಲೆಕ್ಕ ತೀರಾ ಸಣ್ಣದು. ಎಷ್ಟೋ ಜೋಡಿಗಳು ಕೂಡುವಾಗ ಬಿಸಿಯನ್ನು ಹೀರಿಕೊಳ್ಳುತ್ತವೆ. ತಮಿಳು ಮೂಲದ ಎಂ. ಮುತ್ತುಕುಮಾರ್ ಮತ್ತು ಅವರ ಸಂಗಡಿಗರು 2006ರಲ್ಲಿ ಕಂಪ್ಯೂಟರಿನಲ್ಲಿ ಎರಡು ಸರಪಳಿಗಳನ್ನು ಓಡಾಡಲು ಬಿಟ್ಟು ನೋಡಿದ್ದಾರೆ. ವಿದ್ಯುದಂಶದ ಹಿಡಿತ ದುರ್ಬಲವಿದ್ದಾಗ ಸೆಳೆತವೇ ಕೂಡಿಸುತ್ತದೆ. ಹಿಡಿತ ಬಲವಾದಂತೆ ಕೆಲಸವನ್ನು ಅಯಾನುಗಳ ಬಿಡುಗಡೆ ವಹಿಸಿಕೊಳ್ಳುತ್ತದೆ. ಸೆಳೆತ ಹೆಚ್ಚಿದಷ್ಟೂ ಸೆಳೆತದ ಪಾತ್ರ ಕಡಿಮೆಯಾಗುವ ಈ ಫಲಿತಾಂಶ ಮೊದಲ ಸಲ ಓದಿದಾಗ ನನಗೆ ಅಚ್ಚು ತಪ್ಪಿದೆಯೇನೋ ಅನಿಸಿತ್ತು.

ಸಿದ್ಧಾಂತದ ಕಡೆ ಒಂದು ತಮಾಷೆ ನಡೆದಿದೆ. 1957ರಲ್ಲಿ ಒವರ್‌ಬೇಕ್ ಮತ್ತು ವೂರ್ನ್ ಫ್ಲೋರಿಯ ಮಾಲೆಯ ಲೆಕ್ಕವನ್ನೂ ಡಿಬೈ–ಹ್ಯೂಕೆಲ್ ಮರೆಯ ಲೆಕ್ಕವನ್ನೂ ಕೂಡಿಸಿ ಕೋಎಸರ್ವೇಟಿಗೆ ಒಂದು ಸೂತ್ರ ಬರೆದರು. ಅದರಲ್ಲಿ ದೊಡ್ಡ ದೋಷವಿದೆ. ಸರಪಳಿಯ ಮೇಲಿನ ವಿದ್ಯುದಂಶಗಳು ದಾರದಿಂದ ಬಂಧಿತವಾಗಿವೆ ಎಂಬುದನ್ನೇ ವಿದ್ಯುತ್ತಿನ ಲೆಕ್ಕದಲ್ಲಿ ಅವರು ಬಿಟ್ಟಿದ್ದಾರೆ. ಬಿಡಿ ಉಪ್ಪಿನಂತೆ ಎಣಿಸಿದ್ದಾರೆ. ಆದರೂ ಪ್ರಯೋಗಕ್ಕೆ ಅದು ಚೆನ್ನಾಗಿಯೇ ಹೊಂದುತ್ತಿತ್ತು. ಅರ್ಧ ಶತಮಾನ ಎಲ್ಲರೂ ಅದನ್ನೇ ಬಳಸಿದರು. ಆಮೇಲೆ ಗೊತ್ತಾದದ್ದು, ಸೂತ್ರದ ಒಂದು ತಪ್ಪು ಇನ್ನೊಂದು ತಪ್ಪನ್ನು ಹೊಡೆದುಹಾಕುತ್ತಿದೆ ಎಂದು. ಸಿಕ್ಕಿಬಿದ್ದದ್ದು ಉಪ್ಪಿನ ವಿಷಯದಲ್ಲೇ. ಹನಿ ಬೇರ್ಪಟ್ಟ ಮೇಲೆ ಉಪ್ಪು ಎಲ್ಲಿ ಹೆಚ್ಚಿರುತ್ತದೆ, ಹನಿಯೊಳಗೋ ಹೊರಗಿನ ತೆಳು ನೀರಿನಲ್ಲೋ? ಒಳಗೆ ಎಂದಿತ್ತು ಸೂತ್ರ. 2018ರಲ್ಲಿ ಪಾಲಿಲೈಸೀನ್ ಎಂಬ ಧನ ಮತ್ತು ಪಾಲಿಗ್ಲುಟಮೇಟ್ ಎಂಬ ಋಣ ಸರಪಳಿಗಳ ಹನಿಗಳಲ್ಲಿ ಜತನದಿಂದ ಅಳೆದಾಗ ಹೊರಗೆ ಹೆಚ್ಚಿತ್ತು. ಮೇಲಿನ ಬಿಡುಗಡೆಯ ಕತೆಯನ್ನು ಒಪ್ಪಿದವರಿಗೆ ಇದು ಆಶ್ಚರ್ಯವಲ್ಲ. ದಟ್ಟಣೆಯ ಹನಿಯೊಳಗೆ ಉಪ್ಪಿಗೆ ಜಾಗವೂ ಇಲ್ಲ, ಕೆಲಸವೂ ಇಲ್ಲ. ಹೊಂದಾಣಿಕೆಯಾದ ಸೂತ್ರವನ್ನು ಸರಿಯಾದ ಸೂತ್ರ ಎಂದುಕೊಳ್ಳುವ ಚಾಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಊರಿನ ನಲ್ಲಿಗೆ ಬರೋಣ. ಮಂಗಳೂರಿಗೆ ತುಂಬೆಯ ಕಿಂಡಿ ಅಣೆಕಟ್ಟಿನ ನೀರು, ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು. ಮಳೆಗಾಲದ ಹೊಳೆನೀರನ್ನು ತಿಳಿಗೊಳಿಸಲು ಪಟಿಕವನ್ನೋ ಅದರಂಥ ಲವಣವನ್ನೋ ಹಾಕುವುದು ಎಲ್ಲ ಕಡೆಯ ರೂಢಿ. ಎಷ್ಟೋ ಕಡೆ ಜೊತೆಗೆ ಪಾಲಿಎಲೆಕ್ಟ್ರೊಲೈಟನ್ನೂ ಹಾಕುತ್ತಾರೆ. ಪಟಿಕದ ಅಲ್ಯುಮಿನಿಯಂ ಅಯಾನು ಮೂರು ಧನ ಹೊತ್ತದ್ದು. ಸೋಡಿಯಮ್ಮಿಗೆ ಹೋಲಿಸಿದರೆ ಜೇಡಿಯನ್ನು ಕೂಡಿಸುವ ಅದರ ತಾಕತ್ತು ಮೂರು ಪಟ್ಟಲ್ಲ, ನೂರಾರು ಪಟ್ಟು. ಮಲ್ಲಿಗೆ ಬೆಳೆಯುವ ಅಂಗಳದಲ್ಲೇ ಇರುವ ನುಗ್ಗೆಯ ಬೀಜವೂ ಇದೇ ಕೆಲಸ ಮಾಡುತ್ತದೆ. ಅದರಲ್ಲಿ ಬಲವಾದ ಧನ ವಿದ್ಯುದಂಶದ ಪುಟ್ಟ ಪ್ರೊಟೀನುಗಳಿವೆ. ಇಲ್ಲಿ ಗಮನಿಸಬೇಕಾದ್ದು ಅಳತೆ. ಕಡಿಮೆಯಾದರೆ ಮಬ್ಬು ಇಳಿಯುವುದಿಲ್ಲ. ಧನ ಸರಪಳಿಯನ್ನು ಹೆಚ್ಚು ಸುರಿದರೂ ಇಳಿಯುವುದಿಲ್ಲ, ಏಕೆಂದರೆ ಋಣವಾಗಿದ್ದ ಕಣಗಳೆಲ್ಲ ಈಗ ಧನವಾಗಿ, ಮತ್ತೆ ಪರಸ್ಪರ ತಳ್ಳಿಕೊಂಡು ತೇಲತೊಡಗುತ್ತವೆ. ಅದಕ್ಕೇ ನೀರಿನ ಘಟಕಗಳಲ್ಲಿ ಸಾಲಾಗಿ ಗಾಜಿನ ಪಾತ್ರೆಗಳನ್ನಿಟ್ಟು ಬೇರೆ ಬೇರೆ ಅಳತೆ ಹಾಕಿ ಪರೀಕ್ಷಿಸುವುದು. ನೀರಿನ ಗುಣ ಬದಲಾದರೆ ಅಳತೆಯೂ ಬದಲಾಗುತ್ತದೆ.

ಸಿಗಡಿ ಚಿಪ್ಪಿನ ಮಾತೂ ಇದರ ಜೊತೆಗೇ ಬರುತ್ತದೆ. ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ರಾಶಿ ಬೀಳುವ ಎಟ್ಟಿಯ ಸಿಪ್ಪೆಯಿಂದ ಕೈಟಿನ್, ಅದನ್ನು ಕ್ಷಾರದಲ್ಲಿ ಬೇಯಿಸಿದರೆ ಕೈಟೊಸಾನ್. ಪ್ರಕೃತಿ ಕೊಡುವ ಸಕ್ಕರೆ ಸರಪಳಿಗಳಲ್ಲಿ ಬಹುತೇಕ ಎಲ್ಲವೂ ಋಣವೋ ಅಲಿಪ್ತವೋ ಆಗಿರುವಾಗ ಇದೊಂದು ಧನ, ಅದೂ ಹುಳಿ ನೀರಿನಲ್ಲಿ ಮಾತ್ರ. ಹಾಗಾಗಿ ಕೈಟೊಸಾನ್‌ನಿಂದ ಕೊಳಚೆ ನೀರು ತಿಳಿಗೊಳಿಸಬಹುದು, ಪಾಚಿಯ ಆಲ್ಜಿನೇಟ್ ಜೊತೆ ಸೇರಿಸಿ ಔಷಧಿಯ ಗುಳಿಗೆ ಮಾಡಬಹುದು ಎಂಬ ಯೋಜನೆಗಳಿಗೆ ಕೊರತೆಯಿಲ್ಲ. ಕಸದಿಂದ ರಸ ಎನ್ನುವ ಈ ಮಾತುಗಳಲ್ಲಿ ಉಪ್ಪಿನ ಪ್ರಸ್ತಾಪ ಮಾತ್ರ ಅಪರೂಪ. ಮೀನಿನ ಉದ್ಯಮದ ಕೊಳಚೆ ಉಪ್ಪುಪ್ಪಾಗಿಯೇ ಇರುವುದು. ಸಿಹಿನೀರಿನ ಲೋಟದಲ್ಲಿ ಯಶಸ್ವಿಯಾದ ಧನ–ಋಣದ ಜೋಡಿ ಆ ಉಪ್ಪಿನಲ್ಲಿ ಹಾಗೆಯೇ ನಡೆದುಕೊಳ್ಳುತ್ತದೆ ಎಂದು ಮೊದಲೇ ನಂಬಲು ಕಾರಣವಿಲ್ಲ. ಅಲ್ಲಿಯ ನೀರಿನಲ್ಲೇ ಮಾಡಿ ನೋಡಬೇಕು.

ಐಸ್‌ಕ್ರೀಮಿನದು ಬೇರೆಯೇ ಜಾಣತನ. ಗಡ್‌ಬಡ್ ತಿನ್ನುವ ಊರಿನವರು ಡಬ್ಬಿಯ ಹಿಂಬದಿ ಓದುವುದು ಕಡಿಮೆ. ಓದಿದರೆ ಎಷ್ಟೋ ಡಬ್ಬಿಗಳಲ್ಲಿ 412 ಮತ್ತು 407 ಎಂಬ ಸಂಖ್ಯೆಗಳು ಸಿಗುತ್ತವೆ. 412 ಗೋರಿಕಾಯಿಯ ಬೀಜದ ಗ್ವಾರ್ ಗೋಂದು, ವಿದ್ಯುದಂಶವಿಲ್ಲದ್ದು. ಅದು ಮತ್ತು ಹಾಲಿನ ಪ್ರೊಟೀನಾದ ಕೇಸೀನ್ ಒಂದೇ ಪಾತ್ರೆಯಲ್ಲಿ ಹೊಂದಿಕೊಳ್ಳುವುದಿಲ್ಲ. ಬಿಟ್ಟರೆ ಎರಡು ಪದರವಾಗಿ ನೀರು ಬಿಡುತ್ತದೆ. 407 ಕಡಲಪಾಚಿಯ ಕ್ಯಾರಜೀನನ್, ಬಲವಾದ ಋಣ. ಅತಿ ಚಿಕ್ಕ ಪ್ರಮಾಣದಲ್ಲಿ ಸೇರಿಸಿದರೆ ಕೇಸೀನಿಗೆ ಅಂಟಿಕೊಂಡು, ಕಣ್ಣಿಗೆ ಕಾಣುವಂತೆ ಬೇರ್ಪಡುವುದನ್ನು ತಡೆಯುತ್ತದೆ. ಬೇರೆಲ್ಲ ಕಡೆ ಒಡೆಯುವುದನ್ನು ವಿವರಿಸಲು ಬಳಸುವ ವಿದ್ಯೆ ಇಲ್ಲಿ ಒಡೆಯದಿರಲು.

ಎದುರುಬದುರು ಸರಪಳಿಗಳು ಕೂಡಿದಾಗ ಯಾವಾಗಲೂ ದ್ರವದ ಹನಿಯೇ ಆಗಬೇಕೆಂದಿಲ್ಲ. ಬಲವಾದ ಜೋಡಿಯಾಗಿ ಉಪ್ಪು ಕಡಿಮೆ ಇದ್ದರೆ ಗಟ್ಟಿಯಾದ ಬಿಳಿ ಮುದ್ದೆ ಸಿಗುತ್ತದೆ. ಉಪ್ಪು ಹೆಚ್ಚಿಸುತ್ತ ಹೋದರೆ ಅದು ಮೆತ್ತಗಾಗಿ, ಹರಿಯುವ ಹನಿಯಾಗಿ, ಕೊನೆಗೆ ಕರಗಿಹೋಗುತ್ತದೆ. ಪ್ಲಾಸ್ಟಿಕ್ಕನ್ನು ಬಿಸಿಯಿಂದ ಮೆತ್ತಗೆ ಮಾಡುವಂತೆ ಇವನ್ನು ಉಪ್ಪಿನಿಂದ ಮಾಡಬಹುದು. ಸೋಮೇಶ್ವರದ ಬಂಡೆಗಳಿಗೆ ಅಲೆಯ ಏಟಿಗೂ ಜಗ್ಗದೆ ಕಚ್ಚಿಕೊಂಡಿರುವ ಪಚ್ಚಿಲೆಯನ್ನು ನೋಡಿದವರಿಗೆ ನೀರಿನೊಳಗೆ ಹಿಡಿಯುವ ಅಂಟು ಎಷ್ಟು ಕಷ್ಟದ ವಿದ್ಯೆ ಎಂದು ಗೊತ್ತು. ಕ್ಯಾಲಿಫೋರ್ನಿಯಾದ ತೀರದ ಒಂದು ಹುಳ ಮರಳ ಕಾಳುಗಳನ್ನು ಅಂಟಿಸಿ ಗೂಡು ಕಟ್ಟುತ್ತದೆ. ಅದರ ಅಂಟಿನಲ್ಲಿ ಋಣ ಪ್ರೊಟೀನು, ಧನ ಪ್ರೊಟೀನು, ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ಇವೆ. ದ್ರವವಾಗಿ ಹೊರಬಂದು, ಕಡಲ ನೀರು ತಗುಲಿದೊಡನೆ ಬಿಗಿಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಬಳಸುವಂಥ ಅಂಟನ್ನು ಇದೇ ಮಾದರಿಯಲ್ಲಿ ಮಾಡುವ ಪ್ರಯತ್ನ ನಡೆದಿದೆ.

ಗದ್ದಲದ ವಿಷಯಕ್ಕೆ ಈಗ ಬರಬಹುದು. 2009ರಲ್ಲಿ ಕ್ಲಿಫರ್ಡ್ ಬ್ರಾಂಗ್ವಿನ್, ಆಂಥನಿ ಹೈಮನ್ ಮತ್ತು ಸಂಗಡಿಗರು ಒಂದು ಪುಟ್ಟ ಹುಳದ ಭ್ರೂಣದ ಕೋಶದಲ್ಲಿ ಪಿ-ಗ್ರ್ಯಾನ್ಯೂಲ್ ಎಂಬ ಕಾಳುಗಳು ಕಾಳುಗಳೇ ಅಲ್ಲ, ದ್ರವದ ಹನಿಗಳು ಎಂದು ತೋರಿಸಿದರು. ಅವು ಒಂದರೊಳಗೊಂದು ಸೇರುತ್ತಿದ್ದವು, ತೊಟ್ಟಿಕ್ಕುತ್ತಿದ್ದವು. ಒಳಗೆ ಋಣದ ಆರ್‌ಎನ್‌ಎ ಮತ್ತು ಅದನ್ನು ಹಿಡಿಯುವ ಪ್ರೊಟೀನುಗಳು. ಪೊರೆಯಿಲ್ಲದೆಯೂ ಕೋಶ ತನ್ನೊಳಗೆ ಕೋಣೆಗಳನ್ನು ಕಟ್ಟಿಕೊಳ್ಳಬಲ್ಲದು ಎಂಬ ಈ ಕಲ್ಪನೆಗೆ 2023ರ ಬ್ರೇಕ್‌ಥ್ರೂ ಬಹುಮಾನ ಬಂತು. ಎಎಲ್‌ಎಸ್ ಎಂಬ ನರರೋಗದಲ್ಲಿ ಎಫ್‌ಯುಎಸ್‌ನಂಥ ಪ್ರೊಟೀನಿನ ಹನಿಗಳು ಕಾಲಕ್ರಮದಲ್ಲಿ ಗಟ್ಟಿಯಾಗುವುದೂ ಕಾರಣವಿರಬಹುದು ಎಂಬ ಸುಳಿವು ಸಿಕ್ಕಿತು. ಆಮೇಲೆ ಎಲ್ಲೆಲ್ಲೂ ಹನಿಯೇ. ಕೋಶದಲ್ಲಿ ದುಂಡಗೆ ಕಂಡದ್ದೆಲ್ಲ ಪ್ರಾವಸ್ಥೆ ಬೇರ್ಪಟ್ಟದ್ದೆಂದು ಬರೆಯತೊಡಗಿದರು. 2019ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಈ ಸಾಕ್ಷ್ಯಗಳನ್ನೆಲ್ಲ ಸಾಲಾಗಿ ಇಟ್ಟು, ಹೆಚ್ಚಿನವು ಕಣ್ಣಂದಾಜು, ಅಳತೆಯಲ್ಲ ಎಂದಿತು.

ಉಪ್ಪಿನ ಕತೆ ಗೊತ್ತಿದ್ದವರಿಗೆ ಈ ಲೇಖನಗಳಲ್ಲಿ ಮೊದಲು ಹುಡುಕಬೇಕಾದ ಸಾಲು ಯಾವುದೆಂದು ಗೊತ್ತಾಗುತ್ತದೆ. ಪ್ರಯೋಗದ ಕೊಳವೆಯಲ್ಲಿ ಉಪ್ಪು ಎಷ್ಟಿತ್ತು? ನಮ್ಮ ಕೋಶದ ಉಪ್ಪು ಸಮುದ್ರದ ಸುಮಾರು ಕಾಲುಭಾಗ. ಅದರ ಮೂರನೇ ಒಂದು ಪಾಲು ಉಪ್ಪಿನಲ್ಲಿ, ಜೊತೆಗೆ ಇಕ್ಕಟ್ಟು ಮಾಡಲೆಂದು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರು ಸುರಿದು, ಪ್ರೊಟೀನನ್ನು ಕೋಶದಲ್ಲಿರುವುದಕ್ಕಿಂತ ಹೆಚ್ಚು ತುಂಬಿಸಿದರೆ ಹನಿಯಾಗದ ಪ್ರೊಟೀನು ಸಿಗುವುದು ಕಷ್ಟ. ಅಂಥ ಹನಿಯಿಂದ ಕೋಶದ ಬಗ್ಗೆ ತಿಳಿಯುವುದು ಕಡಿಮೆ. ಇನ್ನೊಂದು ಜನಪ್ರಿಯ ಪರೀಕ್ಷೆ, 1,6-ಹೆಕ್ಸೇನ್‌ಡಯಾಲ್ ಎಂಬ ಮದ್ಯಸಾರದ ಬಳಗದ ರಾಸಾಯನಿಕ ಹಾಕಿ ಹನಿ ಕರಗುತ್ತದೆಯೇ ಎಂದು ನೋಡುವುದು. ಅದು ನೀರಿಗೆ ಒಗ್ಗದ ಭಾಗಗಳ ಅಂಟಿಕೆಯನ್ನು ಬಿಡಿಸುತ್ತದೆಯೇ ಹೊರತು, ವಿದ್ಯುದಂಶದಿಂದ ಕೂಡಿದ ಹನಿಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಕರಗಲಿಲ್ಲವೆಂದು ‘ಇದು ದ್ರವವಲ್ಲ’ ಎಂದು ತೀರ್ಮಾನಿಸಿದರೆ ನನ್ನ ಜಗಲಿಯ ಲೋಟವೂ ದ್ರವವಲ್ಲ ಎಂದಾಗುತ್ತದೆ.

ಹಾಗಾದರೆ ಉಪ್ಪು ಹಾಕಿ ನೋಡಿದರೆ ಸಾಕೇ? ಕರಗಿದರೆ ವಿದ್ಯುದಂಶದ ಹನಿ, ಕರಗದಿದ್ದರೆ ಬೇರೆ? 2021ರಲ್ಲಿ ಎಫ್‌ಯುಎಸ್ ಮತ್ತು ಇನ್ನೂ ಕೆಲವು ಪ್ರೊಟೀನುಗಳನ್ನು ಹೀಗೆ ಪರೀಕ್ಷಿಸಿದರು. ಕಡಿಮೆ ಉಪ್ಪಿನಲ್ಲಿ ಹನಿಗಳಿದ್ದವು. ಉಪ್ಪು ಹೆಚ್ಚಿಸಿದಾಗ, ನಿರೀಕ್ಷೆಯಂತೆ, ಕರಗಿದವು. ಅಲ್ಲಿಗೇ ನಿಲ್ಲಿಸದೆ ಸಮುದ್ರದ ನೀರಿಗಿಂತ ಹಲವು ಪಟ್ಟು ಉಪ್ಪಿನವರೆಗೂ ಹೋದರು. ಹನಿಗಳು ಮತ್ತೆ ಬಂದವು. ಈ ಸಲ ಕೂಡಿಸಿದ್ದು ಧನ ಋಣವಲ್ಲ. ವಿದ್ಯುದಂಶವೆಲ್ಲ ಮರೆಯಾದ ಮೇಲೆ, ನೀರಿಗೆ ಒಗ್ಗದ ಭಾಗಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸೂಕ್ಷ್ಮದರ್ಶಕದ ಕೆಳಗೆ ಮೊದಲಿನ ಹನಿಗೂ ಈ ಹನಿಗೂ ವ್ಯತ್ಯಾಸ ಕಾಣುವುದಿಲ್ಲ, ಎರಡೂ ದುಂಡಗೇ ಇವೆ.